ದೇಶ ಎರಡಾಗೋದು ಯಾವ ವರ್ಷಕ್ಕೆ ಖಾಯಂ ಆಯಿತು?

ಪಿಯು_ಮೇಷ್ಟ್ರು

ಪಿಯುಸಿ ಮಕ್ಕಳಿಗೆ ಇತಿಹಾಸ ಹೇಳಿಕೊಡುತ್ತೇನೆ. 1947ರ ಪಾಠ ಬಂದಾಗಲೆಲ್ಲ ಒಂದೇ ಪ್ರಶ್ನೆ: ‘ಸರ್, ದೇಶ ಒಡೆದದ್ದು ಯಾರು?’ ಜಿನ್ನಾ ಅಂದರೆ ಅರ್ಧ ಕ್ಲಾಸು ತಲೆಯಾಡಿಸುತ್ತದೆ. ಬ್ರಿಟಿಷರು ಅಂದರೆ ಉಳಿದರ್ಧ. ಹತ್ತು ಮಾರ್ಕಿನ ಉತ್ತರಕ್ಕೆ ಅಷ್ಟು ಸಾಕು. ಈ ಸಲ ಕೊನೇ ಬೆಂಚಿನ ಹುಡುಗಿಯೊಬ್ಬಳು ಬೇರೆ ಥರ ಕೇಳಿದಳು. ‘ಸರ್, ಇನ್ನು ತಪ್ಪಿಸೋಕೆ ಆಗೋದೇ ಇಲ್ಲ ಅನ್ನೋ ಹಂತ ಯಾವಾಗ ಬಂತು?’ ಅಷ್ಟರಲ್ಲಿ ಗಂಟೆ ಹೊಡೆಯಿತು. ಬಚಾವಾದೆ.

ಮನೆಗೆ ಬಂದ ಮೇಲೂ ಪ್ರಶ್ನೆ ಬಿಡಲಿಲ್ಲ. ಪಠ್ಯದ ಪ್ರಕಾರ 1940ರ ಮಾರ್ಚ್ 23, ಲಾಹೋರ್ ನಿರ್ಣಯ. ಆದರೆ ಆ ನಿರ್ಣಯದಲ್ಲಿ ‘ಪಾಕಿಸ್ತಾನ’ ಅನ್ನುವ ಪದವೇ ಇಲ್ಲ. ಒಂದು ದೇಶ ಅಂತಲೂ ಇಲ್ಲ, ‘ಸ್ವತಂತ್ರ ರಾಜ್ಯಗಳು’ ಅಂತ ಬಹುವಚನದಲ್ಲಿದೆ. ಗಡಿ ಎಲ್ಲಿ ಅಂತ ಒಂದು ಊರಿನ ಹೆಸರೂ ಇಲ್ಲ. ಇಂಥ ಒಂದು ಕಾಗದದಿಂದ ದೇಶ ಒಡೆಯಿತು ಅಂತ ಹೇಳೋಕೆ ನನಗೇ ಮನಸ್ಸು ಒಪ್ಪಲಿಲ್ಲ.

ನೀವಾದರೆ ಯಾವ ವರ್ಷ ಅನ್ನುತ್ತೀರಿ? ವರ್ಷ ಹೇಳಿದರೆ ಸಾಲದು, ಯಾಕೆ ಅಂತಲೂ ಬರೆಯಿರಿ. ಬೈಗುಳ ಬೇಡ.

ತುಂಗಾತೀರ

1909. ಅನುಮಾನವೇ ಇಲ್ಲ.

ಮಿಂಟೋ-ಮಾರ್ಲೆ ಸುಧಾರಣೆಯಲ್ಲಿ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟರು. ಮುಸ್ಲಿಂ ಕ್ಷೇತ್ರದಲ್ಲಿ ಮುಸ್ಲಿಮರೇ ನಿಲ್ಲಬೇಕು, ಮುಸ್ಲಿಮರೇ ಓಟು ಹಾಕಬೇಕು. ಈಗಿನ ಮೀಸಲು ಕ್ಷೇತ್ರದ ಹಾಗಲ್ಲ ಇದು, ಗಮನಿಸಿ. ಮೀಸಲು ಕ್ಷೇತ್ರದಲ್ಲಿ ನಿಲ್ಲೋರು ಒಂದು ವರ್ಗದವರು, ಆದರೆ ಓಟು ಎಲ್ಲರದ್ದು. ಗೆಲ್ಲಬೇಕಾದರೆ ಎಲ್ಲರ ಮನೆ ಬಾಗಿಲಿಗೂ ಹೋಗಬೇಕು. ಪ್ರತ್ಯೇಕ ಮತಕ್ಷೇತ್ರದಲ್ಲಿ ಆ ಗೊಡವೆಯೇ ಇಲ್ಲ. ಪಕ್ಕದ ಮನೆಯವನ ಓಟು ಬೇಡದ ಮೇಲೆ ಅವನ ಬಗ್ಗೆ ಏನು ಆಡಿದರೂ ಖರ್ಚಿಲ್ಲ. ಆಡದೇ ಸುಮ್ಮನಿದ್ದವನೇ ಸೋಲುತ್ತಾನೆ. ಮೂವತ್ತೆಂಟು ವರ್ಷ ಇದನ್ನೇ ಮಾಡಿದರೆ ಇನ್ನೇನಾಗುತ್ತೆ?

ಕಾಳುಮೆಣಸು

ತುಂಗಾತೀರ ಅವರೇ, ವಾದ ಚೆನ್ನಾಗಿದೆ. ಆದರೆ 1916ನ್ನು ಎಲ್ಲಿ ಇಡುತ್ತೀರಿ? ಲಖನೌದಲ್ಲಿ ಕಾಂಗ್ರೆಸ್ಸೇ ಪ್ರತ್ಯೇಕ ಮತಕ್ಷೇತ್ರಕ್ಕೆ ಒಪ್ಪಿಗೆ ಕೊಟ್ಟಿತಲ್ಲ. ಆ ಒಪ್ಪಂದದ ಹಿಂದೆ ಇದ್ದವರು ತಿಲಕರು ಮತ್ತು ಜಿನ್ನಾ. ಜಿನ್ನಾ ಆಗ ಕಾಂಗ್ರೆಸ್, ಮುಸ್ಲಿಂ ಲೀಗ್ ಎರಡೂ ಪಕ್ಷಗಳ ಸದಸ್ಯ, ಹಿಂದೂ-ಮುಸ್ಲಿಂ ಐಕ್ಯದ ರಾಯಭಾರಿ ಅಂತ ಹೊಗಳಿಸಿಕೊಂಡವರು. ಮತಕ್ಷೇತ್ರ ಬೇರೆ ಇದ್ದೂ ಒಟ್ಟಿಗೆ ಕೂರಬಹುದು ಅಂತ ಅವರೆಲ್ಲ ನಂಬಿದ್ದರು. ಅಂದಮೇಲೆ 1909ಕ್ಕೇ ಕಥೆ ಮುಗಿದಿತ್ತು ಅನ್ನೋದು ಹೇಗೆ?

ಬೀಜ ಬಿತ್ತು ಅನ್ನಿ, ಒಪ್ಪುತ್ತೇನೆ. ಬಿದ್ದ ಬೀಜವೆಲ್ಲ ಮರ ಆಗಲ್ಲ.

ಸತ್ಯವಾದಿ_99

ಏನೇನೋ ವರ್ಷ ಹೇಳ್ತಾ ಇದ್ದೀರಿ. ಎರಡು ಧರ್ಮ ಒಂದೇ ದೇಶದಲ್ಲಿ ಇರೋಕೆ ಆಗಲ್ಲ ಅಷ್ಟೇ. ಶುರುವಿಂದಲೇ ಖಾಯಂ ಆಗಿತ್ತು.

ಹಳೇ_ನಕ್ಷೆ

ಸತ್ಯವಾದಿ ಅವರೇ, ಶುರುವಿಂದಲೇ ಖಾಯಂ ಆಗಿದ್ದರೆ 1937ರ ಪಂಜಾಬಿಗೆ ಆ ಸುದ್ದಿ ಯಾಕೆ ಮುಟ್ಟಿರಲಿಲ್ಲ?

ಪಂಜಾಬ್ ವಿಧಾನಸಭೆಯಲ್ಲಿ 86 ಮುಸ್ಲಿಂ ಸ್ಥಾನ. ಆ ಚುನಾವಣೆಯಲ್ಲಿ ಮುಸ್ಲಿಂ ಲೀಗ್ ಗೆದ್ದದ್ದು 2. ಎರಡೇ! ಅದರಲ್ಲೂ ಒಬ್ಬ ಗೆದ್ದ ಕೂಡಲೇ ಯೂನಿಯನಿಸ್ಟ್ ಪಕ್ಷಕ್ಕೆ ಜಿಗಿದ. ವಾಯವ್ಯ ಗಡಿನಾಡು ಪ್ರಾಂತ್ಯದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮುಸ್ಲಿಮರು, ಅಲ್ಲಿ ಲೀಗಿಗೆ ಸೊನ್ನೆ. ಇಡೀ ಬ್ರಿಟಿಷ್ ಭಾರತದ 482 ಮುಸ್ಲಿಂ ಸ್ಥಾನಗಳಲ್ಲಿ ಕಾಲು ಭಾಗವೂ ದಕ್ಕಲಿಲ್ಲ.

ಪಂಜಾಬನ್ನು ಆಳಿದ್ದು ಯೂನಿಯನಿಸ್ಟರು. ಮುಸ್ಲಿಂ ಜಮೀನ್ದಾರರು, ಹಿಂದೂ ಜಾಟರು, ಒಂದಷ್ಟು ಸಿಖ್ಖರು ಸೇರಿದ ಪಕ್ಷ. ಸಿಕಂದರ್ ಹಯಾತ್ ಖಾನ್ ಪ್ರೀಮಿಯರ್ (ಈಗಿನ ಮುಖ್ಯಮಂತ್ರಿ ಇದ್ದ ಹಾಗೆ), ಛೋಟು ರಾಮ್ ಮಂತ್ರಿ. ಅವರನ್ನು ಒಟ್ಟಿಗೆ ಇಟ್ಟಿದ್ದು ಧರ್ಮವಲ್ಲ. ಗೋಧಿಯ ಬೆಲೆ, ಕಾಲುವೆ ನೀರು, ಸಾಲ ಕೊಟ್ಟವನಿಂದ ಜಮೀನು ಉಳಿಸಿಕೊಳ್ಳುವ ಕಾನೂನು. ದೊಡ್ಡ ಆದರ್ಶದ ಪಕ್ಷ ಏನಲ್ಲ, ಬ್ರಿಟಿಷರ ಕೃಪೆಯಲ್ಲಿದ್ದದ್ದೇ. ಆದರೂ ನಡೆಯುತ್ತಿತ್ತು.

ಅದೇ ಪಂಜಾಬ್, ಅದೇ ಸ್ಥಾನಗಳು. 1946ರಲ್ಲಿ ಲೀಗಿಗೆ 70ಕ್ಕೂ ಜಾಸ್ತಿ. ಅಂದರೆ ಏನಾಗಬೇಕೋ ಅದು ಈ ಒಂಬತ್ತು ವರ್ಷಗಳಲ್ಲಿ ಆಗಿದೆ. ಸಾವಿರ ವರ್ಷದ ಹಿಂದೆ ಅಲ್ಲ.

ಸತ್ಯವಾದಿ_99

1946ರಲ್ಲಿ 70 ಸೀಟು ಕೊಟ್ಟದ್ದು ಯಾರು ಮತ್ತೆ? ನೀವೇ ನನ್ನ ವಾದ ಮಾಡ್ತಿದ್ದೀರಿ.

ಹಳೇ_ನಕ್ಷೆ

ಓಟು ಇದ್ದವರು ಕೊಟ್ಟರು. ಆಗ ಎಲ್ಲರಿಗೂ ಓಟು ಇರಲಿಲ್ಲ ಸ್ವಾಮಿ. ಆಸ್ತಿ ಇರಬೇಕು, ತೆರಿಗೆ ಕಟ್ಟಿರಬೇಕು, ಇಲ್ಲವೇ ಇಷ್ಟು ಅಂತ ಓದಿರಬೇಕು. ವಯಸ್ಸಿಗೆ ಬಂದವರಲ್ಲೂ ಹೆಚ್ಚಿನವರು ಹೊರಗೆ. ಕೂಲಿಯವರು, ಗೇಣಿಯವರು, ಬಹುಪಾಲು ಹೆಂಗಸರು. ಆಮೇಲೆ ಊರು ಬಿಟ್ಟು ನಡೆದವರು ಜಾಸ್ತಿ ಯಾರು? ಇವರೇ.

ಕಡಲ_ಮೀನು

ನನ್ನದೂ 1937 ಮಾರಾಯ್ರೆ. ಆದರೆ ಚುನಾವಣೆ ಅಲ್ಲ, ಅದರ ನಂತರದ ಮಂತ್ರಿಮಂಡಲ.

ಸಂಯುಕ್ತ ಪ್ರಾಂತ್ಯದಲ್ಲಿ, ಅಂದರೆ ಈಗಿನ ಉತ್ತರ ಪ್ರದೇಶದಲ್ಲಿ, ಕಾಂಗ್ರೆಸ್ಸಿಗೆ ಬಹುಮತ ಬಂತು. ಲೀಗಿನವರು ತಮಗೂ ಒಂದೆರಡು ಮಂತ್ರಿಗಿರಿ ಸಿಗಬಹುದು ಅಂತ ಕಾದಿದ್ದರು. ಮಾತುಕತೆಯೂ ನಡೆಯಿತು. ಕಾಂಗ್ರೆಸ್ ಹಾಕಿದ ಷರತ್ತು ಹೇಗಿತ್ತು ಅಂದರೆ, ವಿಧಾನಸಭೆಯಲ್ಲಿ ಲೀಗ್ ಬೇರೆ ಗುಂಪಾಗಿ ಉಳಿಯಬಾರದು, ಕಾಂಗ್ರೆಸ್ಸಿನೊಳಗೇ ಕರಗಬೇಕು. ಮದುವೆಗೆ ಬನ್ನಿ, ಆದರೆ ನಿಮ್ಮ ಹೆಸರು ಬಾಗಿಲಲ್ಲೇ ಬಿಟ್ಟು ಬನ್ನಿ ಅಂದ ಹಾಗೆ. ಲೆಕ್ಕದ ಪ್ರಕಾರ ಕಾಂಗ್ರೆಸ್ಸಿಗೆ ಅವರ ಅಗತ್ಯ ಇರಲಿಲ್ಲ ನಿಜ. ರಾಜಕೀಯದಲ್ಲಿ ಅಗತ್ಯ ಇಲ್ಲದಾಗ ತೋರಿಸುವ ಔದಾರ್ಯಕ್ಕೇ ಬೆಲೆ ಅಲ್ವಾ?

1939ರಲ್ಲಿ ಯುದ್ಧ ಬಂತು, ಕಾಂಗ್ರೆಸ್ ಮಂತ್ರಿಗಳು ರಾಜೀನಾಮೆ ಕೊಟ್ಟರು. ಡಿಸೆಂಬರ್ 22ಕ್ಕೆ ಲೀಗ್ ‘ವಿಮೋಚನಾ ದಿನ’ ಅಂತ ಆಚರಿಸಿತು. 1942ರಲ್ಲಿ ಕ್ವಿಟ್ ಇಂಡಿಯಾ, ಕಾಂಗ್ರೆಸ್ಸಿನ ದೊಡ್ಡವರೆಲ್ಲ ಜೈಲಿಗೆ. ಹೊರಗೆ ಸುಮಾರು ಮೂರು ವರ್ಷ ಮೈದಾನ ಖಾಲಿ. ಲೀಗ್ ಹಳ್ಳಿ ಹಳ್ಳಿಗೆ ಹೋಯಿತು. ಒಂದೇ ಕಡೆ ನೋಡಬೇಡಿ. ಹಿಂದೂಗಳು, ಮುಸ್ಲಿಮರು ಎರಡು ರಾಷ್ಟ್ರ ಅಂತ 1937ರಲ್ಲಿ ಅಹಮದಾಬಾದಿನ ವೇದಿಕೆಯಿಂದ ಹೇಳಿದ್ದು ಹಿಂದೂ ಮಹಾಸಭೆಯ ಅಧ್ಯಕ್ಷರಾಗಿದ್ದ ಸಾವರ್ಕರ್. ಲಾಹೋರ್ ನಿರ್ಣಯಕ್ಕಿಂತ ಮೊದಲು ಅದು.

ನೀಲಿಶಾಯಿ

ಇಲ್ಲಿ ಯಾರೂ ಹೇಳದ ಒಂದು ಹೆಸರು: ಅಲ್ಲಾ ಬಕ್ಷ್ ಸೂಮ್ರೋ. ಸಿಂಧ್ ಪ್ರಾಂತ್ಯದ ಪ್ರೀಮಿಯರ್ ಆಗಿದ್ದವರು. ಲಾಹೋರ್ ನಿರ್ಣಯ ಆಗಿ ಒಂದೇ ತಿಂಗಳಿಗೆ, 1940ರ ಏಪ್ರಿಲ್‌ನಲ್ಲಿ, ದೆಹಲಿಯಲ್ಲಿ ಆಜಾದ್ ಮುಸ್ಲಿಂ ಸಮ್ಮೇಳನ ನಡೆಯಿತು. ಅಧ್ಯಕ್ಷತೆ ಇವರದ್ದೇ. ದೇಶ ಒಡೆಯುವುದನ್ನು ಖಂಡಿಸಿದ ಸಮ್ಮೇಳನ ಅದು. 1943ರಲ್ಲಿ ಇವರನ್ನು ಗುಂಡಿಟ್ಟು ಕೊಂದರು. ದೇವಬಂದದ ಮೌಲಾನಾ ಹುಸೇನ್ ಅಹ್ಮದ್ ಮದನಿ ಕೂಡ ವಿಭಜನೆ ಬೇಡ ಅಂದವರೇ. ರಾಷ್ಟ್ರ ಅನ್ನೋದು ನೆಲದಿಂದ ಆಗುತ್ತೆ, ಮತದಿಂದಲ್ಲ ಅನ್ನುವುದು ಅವರ ವಾದ. ಧಾರ್ಮಿಕ ವಿದ್ವಾಂಸರು ಒಡೆಯಬೇಡಿ ಅಂದರು, ಸೂಟು ಹಾಕಿದ ಬ್ಯಾರಿಸ್ಟರ್ ಜಿನ್ನಾ ಒಡೆಯಿರಿ ಅಂದರು. ನಮ್ಮ ಪಾಠಗಳಲ್ಲಿ ಇದು ಬರೋದೇ ಇಲ್ಲ.

ಪಿಯು_ಮೇಷ್ಟ್ರು

ಬರಲ್ಲ ನೀಲಿಶಾಯಿ ಅವರೇ. ಸಿಲಬಸ್ ಮುಗಿಸೋ ಗಡಿಬಿಡಿಯಲ್ಲಿ ನಾನೂ ಹೇಳಿಲ್ಲ. ನಾಳೆ ಹೇಳುತ್ತೇನೆ.

ಕಾಳುಮೆಣಸು

ಈಗ ನನ್ನ ವರ್ಷ. 1946. ತಿಂಗಳೂ ಹೇಳುತ್ತೇನೆ, ಜುಲೈ.

ಆ ವರ್ಷ ಬ್ರಿಟಿಷ್ ಮಂತ್ರಿಗಳ ಕ್ಯಾಬಿನೆಟ್ ಮಿಷನ್ ಬಂತು. ಪೆಥಿಕ್ ಲಾರೆನ್ಸ್, ಕ್ರಿಪ್ಸ್, ಅಲೆಕ್ಸಾಂಡರ್. ಮೇ 16ಕ್ಕೆ ಅವರು ಮುಂದಿಟ್ಟದ್ದು ಮೂರು ಅಂತಸ್ತಿನ ಮನೆ. ಮೇಲೆ ಒಂದೇ ಕೇಂದ್ರ, ಅದಕ್ಕೆ ರಕ್ಷಣೆ, ವಿದೇಶಾಂಗ, ಸಂಪರ್ಕ ಈ ಮೂರೇ ಖಾತೆ. ಕೆಳಗೆ ಪ್ರಾಂತ್ಯಗಳು. ನಡುವೆ ಮೂರು ಗುಂಪು: ಪಶ್ಚಿಮದ ಪ್ರಾಂತ್ಯಗಳದ್ದು ಒಂದು, ಬಂಗಾಳ-ಅಸ್ಸಾಂ ಸೇರಿ ಇನ್ನೊಂದು, ಉಳಿದದ್ದೆಲ್ಲ ಮತ್ತೊಂದು. ಪಾಕಿಸ್ತಾನ ಇಲ್ಲ. ಜೂನ್ 6ಕ್ಕೆ ಲೀಗ್ ಇದಕ್ಕೆ ಹೂಂ ಅಂದಿತು! ಜೂನ್ ಕೊನೆಗೆ ಕಾಂಗ್ರೆಸ್ಸೂ ಒಂದು ಥರ ಹೂಂ ಅಂದಿತು. ಆ ‘ಒಂದು ಥರ’ದಲ್ಲೇ ಎಲ್ಲಾ ಇದೆ.

ಅಸ್ಸಾಮಿನ ಪ್ರೀಮಿಯರ್ ಗೋಪಿನಾಥ ಬರ್ದೊಲೊಯ್ ತಮ್ಮನ್ನು ಬಂಗಾಳದ ಜೊತೆ ಕಟ್ಟಿಹಾಕೋದಕ್ಕೆ ಸುತರಾಂ ಒಪ್ಪಲಿಲ್ಲ. ಅವರ ಕಡೆಯಿಂದ ನೋಡಿದರೆ ಅದೂ ನ್ಯಾಯವೇ. ಜುಲೈ 10ಕ್ಕೆ ಬೊಂಬಾಯಿಯ ಪತ್ರಿಕಾಗೋಷ್ಠಿಯಲ್ಲಿ ನೆಹರೂ, ಸಂವಿಧಾನ ಸಭೆಗೆ ಹೋಗೋದಕ್ಕಷ್ಟೇ ನಾವು ಒಪ್ಪಿದ್ದು, ಮಿಕ್ಕಿದ್ದಕ್ಕೆ ಕೈ ಕಟ್ಟಿಕೊಂಡಿಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದರು. ಜುಲೈ 29ಕ್ಕೆ ಲೀಗ್ ಒಪ್ಪಿಗೆ ವಾಪಸ್ ತೆಗೆದುಕೊಂಡಿತು. ಆಗಸ್ಟ್ 16 ‘ನೇರ ಕಾರ್ಯಾಚರಣೆ ದಿನ’ ಅಂತ ಕರೆ ಕೊಟ್ಟಿತು. ಕಲ್ಕತ್ತಾ ಉರಿಯಿತು. ಅಕ್ಟೋಬರ್‌ನಲ್ಲಿ ನೌಖಾಲಿ, ಅದರ ಬೆನ್ನಿಗೇ ಬಿಹಾರ. ಮಾರ್ಚ್‌ನಲ್ಲಿ ರಾವಲ್ಪಿಂಡಿ. ಹೆಣ ಬೀಳೋಕೆ ಶುರುವಾದ ಮೇಲೆ ‘ಮೂರು ಅಂತಸ್ತು’ ಅಂತ ಯಾರ ಮುಂದೆ ಹೇಳ್ತೀರಿ?

ತುಂಗಾತೀರ

ಆ ಯೋಜನೆ ಜಾರಿಗೆ ಬಂದಿದ್ದರೂ ನಡೆಯುತ್ತಿತ್ತಾ? ಮೂರು ಖಾತೆಯ ಕೇಂದ್ರ, ತೆರಿಗೆ ಹಾಕೋ ಅಧಿಕಾರವೇ ಗೊಂದಲ. ಹತ್ತು ವರ್ಷದಲ್ಲಿ ಹರಿದು ಹೋಗುತ್ತಿತ್ತು.

ಕಾಳುಮೆಣಸು

ಹೋಗುತ್ತಿತ್ತೇನೋ. ಆದರೆ ಹತ್ತು ವರ್ಷ ಟೈಮ್ ಸಿಗುತ್ತಿತ್ತು. ಹತ್ತು ವಾರದಲ್ಲಿ ಹರಿಯೋದಕ್ಕೂ ಅದಕ್ಕೂ ವ್ಯತ್ಯಾಸ ಇಲ್ವಾ?

ಹಳೇ_ನಕ್ಷೆ

ಹತ್ತು ವಾರ ಅಂದಿರಲ್ಲ, ಅದೇ ವಿಷಯ. ನೀವೆಲ್ಲ ವರ್ಷ ಹುಡುಕುತ್ತಿದ್ದೀರಿ. ನಾನು ದಿನ ಎಣಿಸುತ್ತೇನೆ.

1947ರ ಫೆಬ್ರುವರಿಯಲ್ಲಿ ಬ್ರಿಟನ್ ಪ್ರಧಾನಿ ಅಟ್ಲಿ ಹೇಳಿದ್ದು 1948ರ ಜೂನ್ ಒಳಗೆ ಹೊರಡುತ್ತೇವೆ ಅಂತ. ಮೌಂಟ್‌ಬ್ಯಾಟನ್ ವೈಸ್‌ರಾಯ್ ಆಗಿ ಬಂದದ್ದು ಮಾರ್ಚ್ 22ಕ್ಕೆ. ಜೂನ್ 3ಕ್ಕೆ ವಿಭಜನೆಯ ಯೋಜನೆ ಪ್ರಕಟ. ಮರುದಿನ ಪತ್ರಕರ್ತರ ಮುಂದೆ ದಿನಾಂಕವೂ ಬಂತು, ಆಗಸ್ಟ್ 15. ಉಳಿದದ್ದು 72 ದಿನ. ಅಷ್ಟು ದಿನದಲ್ಲಿ ಒಂದು ಕುಟುಂಬದ ಪಾಲುಪಟ್ಟಿಯೂ ಆಗಲ್ಲ ನಮ್ಮಲ್ಲಿ.

ಗಡಿ ಎಳೆಯೋಕೆ ಬಂದ ಸಿರಿಲ್ ರ‍್ಯಾಡ್‌ಕ್ಲಿಫ್ ಲಂಡನ್ನಿನ ವಕೀಲ. ಅದಕ್ಕೆ ಮುಂಚೆ ಭಾರತಕ್ಕೆ ಕಾಲಿಟ್ಟವನಲ್ಲ. ಬಂದದ್ದು ಜುಲೈ 8ಕ್ಕೆ. ಕೈಯಲ್ಲಿ ಐದು ವಾರ, ಎಳೆಯಬೇಕಾದ್ದು ಎರಡು ಗಡಿ, ಪಂಜಾಬಿನದೊಂದು, ಬಂಗಾಳದ್ದೊಂದು. ಆಧಾರ 1941ರ ಜನಗಣತಿ. ಎರಡೂ ಆಯೋಗಗಳಲ್ಲಿ ನಾಲ್ಕು ನಾಲ್ಕು ಜಡ್ಜ್‌ಗಳಿದ್ದರು, ಇಬ್ಬರು ಕಾಂಗ್ರೆಸ್ ಹೇಳಿದವರು, ಇಬ್ಬರು ಲೀಗ್ ಹೇಳಿದವರು. ಮುಖ್ಯ ವಿಷಯ ಬಂದಾಗೆಲ್ಲ ಎರಡಕ್ಕೆರಡು. ಹಾಗಾಗಿ ತೀರ್ಮಾನ ಒಬ್ಬನ ತಲೆ ಮೇಲೆ. ಲಾಹೋರ್‌ನಲ್ಲಿ, ಕಲ್ಕತ್ತಾದಲ್ಲಿ ವಕೀಲರು ದಿನಗಟ್ಟಲೆ ವಾದ ಮಾಡಿದರು. ಅವನು ಅಲ್ಲಿ ಕೂತು ಕೇಳಲಿಲ್ಲ, ಕಲಾಪದ ಕಾಗದಗಳು ವಿಮಾನದಲ್ಲಿ ಅವನಿದ್ದಲ್ಲಿಗೆ ಬರುತ್ತಿದ್ದವು.

ಅವನಿಗೆ ಕೊಟ್ಟ ಸೂಚನೆ ನೋಡಿ. ಮುಸ್ಲಿಂ ಬಹುಸಂಖ್ಯೆಯ, ಮುಸ್ಲಿಮೇತರ ಬಹುಸಂಖ್ಯೆಯ, ಒಂದಕ್ಕೊಂದು ಅಂಟಿಕೊಂಡ ಪ್ರದೇಶಗಳನ್ನು ಗುರುತಿಸಿ ಗೆರೆ ಎಳೆಯಬೇಕು, ‘ಇತರ ಅಂಶಗಳನ್ನೂ’ ಗಮನಿಸಬೇಕು. ಇತರ ಅಂಶ ಅಂದರೆ ಯಾವುದು? ಬರೆದಿಲ್ಲ. ಬಹುಸಂಖ್ಯೆ ಅಂದರೆ ಜಿಲ್ಲೆಯದ್ದೋ, ತಹಸೀಲಿನದ್ದೋ, ಹಳ್ಳಿಯದ್ದೋ? ಅದೂ ಇಲ್ಲ. ಗುರುದಾಸ್‌ಪುರ ಜಿಲ್ಲೆಯಲ್ಲಿ ಮುಸ್ಲಿಮರು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಜಿಲ್ಲೆ ಲೆಕ್ಕ ಹಿಡಿದರೆ ಪಾಕಿಸ್ತಾನಕ್ಕೆ ಹೋಗಬೇಕು. ಕೊನೆಗೆ ನಾಲ್ಕು ತಹಸೀಲಿನಲ್ಲಿ ಶಕರ್‌ಗಢ ಒಂದು ಆ ಕಡೆ ಹೋಯಿತು, ಬಟಾಲಾ, ಗುರುದಾಸ್‌ಪುರ, ಪಠಾಣ್‌ಕೋಟ್ ಈ ಕಡೆ ಬಂದವು. ಚಿತ್ತಗಾಂಗ್ ಬೆಟ್ಟನಾಡಿನಲ್ಲಿ ನೂರಕ್ಕೆ 97 ಜನ ಮುಸ್ಲಿಮೇತರರು, ಹೆಚ್ಚಿನವರು ಬೌದ್ಧರು. ಅದು ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿನ ರಂಗಮಾಟಿಯಲ್ಲಿ ಆಗಸ್ಟ್ 15ಕ್ಕೆ ಹಾರಿಸಿದ ಭಾರತದ ಬಾವುಟವನ್ನು ಕೆಲವು ದಿನ ಬಿಟ್ಟು ಪಾಕಿಸ್ತಾನದ ಸೈನ್ಯ ಬಂದು ಇಳಿಸಿತು.

ನನಗೆ ಜಾಸ್ತಿ ಸಿಟ್ಟು ಬರೋದು ಈ ವಿಷಯಕ್ಕೆ. ತೀರ್ಪು ಆಗಸ್ಟ್ 13ರ ಹೊತ್ತಿಗೆ ತಯಾರಿತ್ತು. ಜನರಿಗೆ ಗೊತ್ತಾಗಿದ್ದು 17ಕ್ಕೆ. ಸಂಭ್ರಮ ಕೆಡಬಾರದು ಅಂತ ಇಟ್ಟುಕೊಂಡರು. ಸ್ವಾತಂತ್ರ್ಯ ಬಂತು, ಯಾವ ದೇಶದ್ದು ಅಂತ ಗೊತ್ತಿಲ್ಲ. ಮುರ್ಷಿದಾಬಾದಿನಲ್ಲಿ ಪಾಕಿಸ್ತಾನದ ಬಾವುಟ, ಖುಲ್ನಾದಲ್ಲಿ ಭಾರತದ ಬಾವುಟ. ಎರಡು ದಿನ ಬಿಟ್ಟು ಎರಡೂ ಅದಲುಬದಲು. ನದಿಯಾ ಜಿಲ್ಲೆಯ ಕೆಲವು ಊರುಗಳಲ್ಲಿ ಈಗಲೂ ಆಗಸ್ಟ್ 18ಕ್ಕೆ ಬಾವುಟ ಹಾರಿಸುತ್ತಾರೆ.

ಬಿಸಿಲೂರು

ಖುಲ್ನಾ ಅಂದ್ರಲ್ಲ, ಅದಕ್ಕೇ ಬರೀತಿದೀನಿ. ನಾನು ರಾಯಚೂರು ಜಿಲ್ಲೆಯವನು.

ನಮ್ಮ ಸಿಂಧನೂರಿನ ಹತ್ತಿರ ಆರ್.ಎಚ್. ಕ್ಯಾಂಪ್‌ಗಳಿವೆ. ಒಂದು, ಎರಡು, ಮೂರು ಅಂತ ನಂಬರಿನಲ್ಲೇ ಹೆಸರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿಗಳನ್ನು ಸರಕಾರ ಅಲ್ಲಿ ಕೂಡಿಸಿತು. ಚಿಕ್ಕವನಿದ್ದಾಗ ನನಗೆ ಅವರು ಅಂದರೆ ‘ಕ್ಯಾಂಪಿನ ಮಂದಿ’, ಅಷ್ಟೇ. ಎಲ್ಲಿಂದ, ಯಾಕೆ ಬಂದರು ಅಂತ ಕೇಳಿದವನಲ್ಲ.

ಕೆಲವು ವರ್ಷದ ಹಿಂದೆ ಕೆಲಸದ ಮೇಲೆ ಹೋದಾಗ ಒಬ್ಬ ಅಜ್ಜ ಚಹಾಕ್ಕೆ ಕೂಡಿಸಿಕೊಂಡರು. ನಮ್ಮ ಕಡೆಯ ಕನ್ನಡವೇ, ‘ಬರ್ರಿ, ಕುಂದರ್ರಿ’ ಅಂತ. ಊರು ಯಾವುದು ಅಜ್ಜ ಅಂದೆ. ಖುಲ್ನಾ ಕಡೆ ಹಳ್ಳಿ ಅಂದರು. 1947ರಲ್ಲಿ ಎಂಟು ವರ್ಷದ ಹುಡುಗ. ‘ಎರಡು ದಿನ ಭಾರತದಾಗ ಇದ್ವಿ. ಮೂರನೇ ದಿನ ಅಪ್ಪ ಬಾವುಟ ಮಡಚಿ ಅಕ್ಕಿ ಗಡಿಗ್ಯಾಗ ಇಟ್ಟ’ ಅಂದರು. ಆಗ ಅವರು ಊರು ಬಿಡಲಿಲ್ಲ. ಹೊಲ ಇತ್ತು, ಹೊಳೆ ಇತ್ತು, ನೆರೆಯವರು ಚಲೋ ಇದ್ದರು. ಬಿಟ್ಟದ್ದು 1964ರಲ್ಲಿ. ಕಾಶ್ಮೀರದ ಹಜ್ರತ್‌ಬಾಲ್ ದರ್ಗಾದಿಂದ ಪವಿತ್ರ ಕೂದಲು ಕಾಣೆಯಾದ ಸುದ್ದಿ ಹಬ್ಬಿ ಖುಲ್ನಾದಲ್ಲಿ ಗಲಭೆ ಆಯಿತಲ್ಲ, ಆಗ. ಕಾಶ್ಮೀರ ಎಲ್ಲಿ, ಖುಲ್ನಾ ಎಲ್ಲಿ! ರಾಯಪುರದ ಹತ್ತಿರ ಮಾನಾ ಕ್ಯಾಂಪ್‌ನಲ್ಲಿ ಡೇರೆಯೊಳಗೆ ವರ್ಷಗಟ್ಟಲೆ ಇದ್ದು, ಆಮೇಲೆ ಸಿಂಧನೂರು. ಗಡಿ ದಾಟಿದಾಗ ಕೊಟ್ಟ ಚೀಟಿ ತಗಡಿನ ಡಬ್ಬಿಯಲ್ಲಿ ಇನ್ನೂ ಇದೆ. ಮಡಿಕೆ ಬಿದ್ದಲ್ಲೆಲ್ಲ ಹರಿದು, ಹಿಂದೆ ಗೋಧಿಹಿಟ್ಟಿನ ಅಂಟು ಹಾಕಿ ಪೇಪರ್ ಅಂಟಿಸಿದ್ದಾರೆ. ಪೌರತ್ವದ ಅರ್ಜಿಗೆ ಅಂತ ಎಷ್ಟು ಕಚೇರಿ ನೋಡಿದೆಯೋ ಆ ಚೀಟಿ.

ಮೇಷ್ಟ್ರೇ, ನೀವು ಯಾವ ವರ್ಷ ಅಂತ ಕೇಳ್ತೀರಿ. ಆ ಅಜ್ಜನ ಮನೆ ಒಡೆದದ್ದು 1964ಕ್ಕೆ.

ನೀಲಿಶಾಯಿ

ಬಿಸಿಲೂರು ಅಣ್ಣ, ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ.

ಆ ಕ್ಯಾಂಪಿನವರಲ್ಲಿ ಹೆಚ್ಚಿನವರು ನಾಮಶೂದ್ರರು, ಬಂಗಾಳದ ಒಂದು ದಲಿತ ಸಮುದಾಯದವರು, ಅಂತ ಕೇಳಿದ್ದೇನೆ. ಅವರ ದೊಡ್ಡ ನಾಯಕ ಜೋಗೇಂದ್ರನಾಥ ಮಂಡಲ್. ಮೇಲ್ಜಾತಿ ಹಿಂದೂಗಳಿಗಿಂತ ಮುಸ್ಲಿಂ ರೈತರ ಜೊತೆಗೇ ನಮ್ಮವರಿಗೆ ಬದುಕು ಅಂತ ಲೆಕ್ಕ ಹಾಕಿ ಲೀಗ್ ಜೊತೆ ಹೋದರು. ಪಾಕಿಸ್ತಾನದ ಮೊದಲ ಕಾನೂನು ಮಂತ್ರಿ ಆದರು. 1950ರಲ್ಲಿ ಪೂರ್ವ ಬಂಗಾಳದ ಗಲಭೆ ನೋಡಿ, ರಾಜೀನಾಮೆ ಪತ್ರ ಬರೆದು ಭಾರತಕ್ಕೆ ವಾಪಸ್ ಬಂದರು. ಎರಡೂ ಕಡೆಯವರು ನಂಬಲಿಲ್ಲ ಪಾಪ.

ಸತ್ಯವಾದಿ_99

ಅದಕ್ಕೇ ಹೇಳಿದ್ದು ನಾನು. ಜನಸಂಖ್ಯೆ ಪೂರ್ತಿ ಅದಲುಬದಲು ಮಾಡಿದ್ದರೆ ಈ ತಾಪತ್ರಯವೇ ಇರ್ತಿರಲಿಲ್ಲ.

ಕಡಲ_ಮೀನು

ಪಂಜಾಬಿನಲ್ಲಿ ಹೆಚ್ಚುಕಡಿಮೆ ಹಾಗೇ ಆಯಿತಲ್ಲ. ಹೇಗಾಯಿತು ಅಂತ ಗೊತ್ತಿದ್ದೇ ಹೇಳ್ತಿದ್ದೀರಾ? ಎರಡೂ ಗಡಿ ಸೇರಿ ಕೋಟಿಗೂ ಮೀರಿ ಜನ ಊರು ಬಿಟ್ಟರು. ಸತ್ತವರು ಎರಡು ಲಕ್ಷ ಅನ್ನುವವರಿದ್ದಾರೆ, ಇಪ್ಪತ್ತು ಲಕ್ಷ ಅನ್ನುವವರೂ ಇದ್ದಾರೆ. ಲೆಕ್ಕ ಇಡೋರೇ ಇರಲಿಲ್ಲ ಅಂತ ಅರ್ಥ. ಅಷ್ಟಾದ ಮೇಲೂ 1951ರ ಜನಗಣತಿಯಲ್ಲಿ ಭಾರತದಲ್ಲಿ ಸುಮಾರು 3.5 ಕೋಟಿ ಮುಸ್ಲಿಮರಿದ್ದರು. ಅವರು ತಮ್ಮ ಮನೆಯಲ್ಲೇ ಇದ್ದರು ಮಾರಾಯ್ರೆ, ಎಲ್ಲಿಗೆ ಅದಲುಬದಲು?

ಧರ್ಮ ಒಂದೇ ಆದರೆ ದೇಶ ಗಟ್ಟಿ ಅನ್ನುವುದನ್ನೂ ನೋಡಿ ಆಯಿತು. 1948ರ ಮಾರ್ಚ್‌ನಲ್ಲಿ ಜಿನ್ನಾ ಢಾಕಾಕ್ಕೆ ಹೋಗಿ ಉರ್ದುವೇ ರಾಷ್ಟ್ರಭಾಷೆ ಅಂದರು. 1952ರ ಫೆಬ್ರುವರಿ 21ಕ್ಕೆ ಬಂಗಾಳಿ ಭಾಷೆಗಾಗಿ ಹುಡುಗರು ಗುಂಡಿಗೆ ಸತ್ತರು. 1971ಕ್ಕೆ ದೇಶವೇ ಎರಡಾಯಿತು. ಭಾಷೆ ವಿಷಯ ಕನ್ನಡದವರಿಗೆ ಬಿಡಿಸಿ ಹೇಳಬೇಕಾ?

ಸೋಮವಾರ_ಬೇಡ

ಮೂರು ಸಲ ಬರೆದು ಮೂರು ಸಲ ಅಳಿಸಿದೆ. ಹೆಂಗಸರ ವಿಷಯ ಇಲ್ಲಿ ಇನ್ನೂ ಬಂದಿಲ್ಲ.

ಎರಡೂ ಕಡೆ ಸಾವಿರಾರು ಹೆಂಗಸರನ್ನು ಎತ್ತಿಕೊಂಡು ಹೋದರು. ಹುಡುಕಿ ವಾಪಸ್ ಕಳಿಸೋಣ ಅಂತ ಎರಡೂ ಸರಕಾರ ಒಪ್ಪಿದವು. ಒಳ್ಳೆಯದೇ. 1949ರಲ್ಲಿ ಭಾರತ ಅದಕ್ಕೊಂದು ಕಾನೂನು ಮಾಡಿತು. ಅದರಲ್ಲಿ ತಾರೀಖು ಇದೆ, 1947ರ ಮಾರ್ಚ್ 1. ಆ ದಿನದ ನಂತರ ಮನೆಯವರಿಂದ ಬೇರೆಯಾದ ಮುಸ್ಲಿಂ ಹೆಣ್ಣು ಬೇರೆಯವರ ಮನೆಯಲ್ಲಿ ಇದ್ದಾಳೆ ಅಂದರೆ ಅಪಹರಣ ಅಂತಲೇ ಲೆಕ್ಕ. ಗಂಡು ಮಗುವಿಗೆ ಹದಿನಾರು ವರ್ಷದ ಮಿತಿ ಇಟ್ಟರು. ಹೆಣ್ಣಿಗೆ ವಯಸ್ಸಿನ ಮಿತಿಯೇ ಇಲ್ಲ! ನಲವತ್ತು ವರ್ಷದವಳಾದರೂ ‘ನಾನು ಇಲ್ಲೇ ಇರ್ತೀನಿ’ ಅನ್ನುವ ಮಾತಿಗೆ ಬೆಲೆ ಇಲ್ಲ. ಕೆಲವರು ಹೋಗಲ್ಲ ಅಂತ ಅತ್ತರು. ಮಗು ಹುಟ್ಟಿತ್ತು. ಮತ್ತೆ ಕೆಲವರು ವಾಪಸ್ ಬಂದರೆ ತವರಿನವರು ಬಾಗಿಲು ತೆಗೆಯಲಿಲ್ಲ.

ಹೊಲಕ್ಕೆ, ಕಾಲುವೆಗೆ, ಕುರ್ಚಿ ಟೇಬಲ್ಲಿಗೆ ಗೆರೆ ಎಳೆದ ಹಾಗೆ ಇವರಿಗೂ ಎಳೆದರು. ನನಗೆ ವರ್ಷ ಗಿರ್ಷ ಗೊತ್ತಿಲ್ಲ.

ಸರ್ವೆ_ಕಲ್ಲು

ಅಕ್ಕ, ನಿಮ್ಮ ಮಾತಿನ ಮೇಲೆ ಏನೂ ಹೇಳಲಾರೆ. ಹೊಲದ ಮಾತು ಬಂತಲ್ಲ, ಅದಷ್ಟು ಹೇಳುತ್ತೇನೆ. ಭೂಮಾಪನದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು.

ಪಶ್ಚಿಮ ಪಂಜಾಬಿನಲ್ಲಿ ಹಿಂದೂ, ಸಿಖ್ಖರು ಬಿಟ್ಟು ಬಂದ ಭೂಮಿ ಜಾಸ್ತಿ. ಪೂರ್ವ ಪಂಜಾಬಿನಿಂದ ಮುಸ್ಲಿಮರು ಬಿಟ್ಟು ಹೋದದ್ದು ಕಡಿಮೆ. ಅಲ್ಲಿ ಕಾಲುವೆ ನೀರಿನ ಫಲವತ್ತಾದ ಭೂಮಿ, ಇಲ್ಲಿ ಎಷ್ಟೋ ಕಡೆ ಮಳೆ ನಂಬಿದ ಭೂಮಿ. ಎಕರೆಗೆ ಎಕರೆ ಕೊಡೋಕೆ ಆಗಲ್ಲ. ಪುನರ್ವಸತಿ ನೋಡಿಕೊಂಡ ತರ್ಲೋಕ್ ಸಿಂಗ್ ಅನ್ನುವ ಅಧಿಕಾರಿ ‘ಸ್ಟಾಂಡರ್ಡ್ ಎಕರೆ’ ಅಂತ ಒಂದು ಅಳತೆ ಮಾಡಿದರು. ಹತ್ತು ಹನ್ನೊಂದು ಮಣ ಗೋಧಿ ಬೆಳೆಯುವಷ್ಟು ನೆಲ ಎಷ್ಟೋ ಅದು ಒಂದು ಸ್ಟಾಂಡರ್ಡ್ ಎಕರೆ. ಒಣನೆಲವಾದರೆ ನಾಲ್ಕು ಎಕರೆ ಸೇರಿ ಒಂದಾಗಬಹುದು, ನೀರಾವರಿ ಆದರೆ ಒಂದಕ್ಕೊಂದು. ಎಷ್ಟು ಸರಳ ನೋಡಿ. ನೆಲ ಅಳೆಯಲಿಲ್ಲ, ಬೆಳೆ ಅಳೆದರು. ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಡಿತ. ಸಣ್ಣ ರೈತನಿಗೆ ಕಡಿಮೆ ಕಡಿತ, ನೂರಾರು ಎಕರೆಯವನಿಗೆ ಸಿಕ್ಕಾಪಟ್ಟೆ.

ನನಗೆ ಎಲ್ಲಕ್ಕಿಂತ ಇಷ್ಟ ಆದದ್ದು ಇದು. ನನಗೆ ಐವತ್ತು ಎಕರೆ ಇತ್ತು ಅಂತ ಯಾರು ಬೇಕಾದರೂ ಹೇಳಬಹುದು, ದಾಖಲೆ ಲಾಹೋರ್‌ನಲ್ಲಿ. ಅದಕ್ಕೆ ಅದೇ ಹಳ್ಳಿಯಿಂದ ಬಂದವರನ್ನೆಲ್ಲ ಒಂದು ಕಡೆ ಕೂರಿಸಿ, ಅರ್ಜಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಸುಳ್ಳು ಹೇಳಿದರೆ ಪಕ್ಕದ ಹೊಲದವನೇ ಎದ್ದು ನಿಲ್ಲುತ್ತಿದ್ದ. ಇಷ್ಟು ವರ್ಷದ ನೌಕರಿಯಲ್ಲಿ ಇದಕ್ಕಿಂತ ಚೊಕ್ಕ ತನಿಖೆ ನಾನು ಕಂಡಿಲ್ಲ.

ತುಂಗಾತೀರ

ಕುರ್ಚಿ ಟೇಬಲ್ಲೂ ಹಂಚಿದ್ದು ನಿಜವೇ. ನಗದು, ಸಾಲದ ಹಂಚಿಕೆಯಲ್ಲಿ ಪಾಕಿಸ್ತಾನಕ್ಕೆ ಶೇ. 17.5, ಭಾರತಕ್ಕೆ 82.5. ಮೊಹೆಂಜೊದಾರೊದಲ್ಲಿ ಸಿಕ್ಕ ಒಂದು ಹಾರವನ್ನೂ ಬಿಚ್ಚಿ ಮಣಿಗಳನ್ನು ಪಾಲು ಮಾಡಿದರು. ನಾಲ್ಕು ಸಾವಿರ ವರ್ಷದ ಹಿಂದಿನ ಹಾರಕ್ಕೆ ಯಾವ ಧರ್ಮ?

ಆದರೂ ನನ್ನ 1909 ಬಿಡಲ್ಲ.

ಕೋಟೆಬಾಗಿಲು

ಬೀದರ್ ಕಡೆಯವನು. ನಮಗೆ 1947ರ ಆಗಸ್ಟ್ 15 ಬರಲೇ ಇಲ್ಲ. ಬೀದರ್, ಕಲಬುರಗಿ, ರಾಯಚೂರು ನಿಜಾಮನ ಕೈಲಿತ್ತು. ಗೋರ್ಟಾ ಹಳ್ಳಿಯಲ್ಲಿ ನಿಜಾಮನ ಪರ ಇದ್ದ ರಜಾಕಾರರು ಮಾಡಿದ ಕೊಲೆಗಳು ನಮ್ಮ ಕಡೆ ಎಲ್ಲರಿಗೂ ಗೊತ್ತು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು, 17ಕ್ಕೆ ಮುಗಿಯಿತು. ಅದಾದ ಮೇಲೆ ಏನಾಯಿತು ಅನ್ನೋದನ್ನು ಯಾರೂ ಹೇಳಲ್ಲ. ನೆಹರೂ ಕಳಿಸಿದ ಸುಂದರಲಾಲ್ ಸಮಿತಿ ಸಂಸ್ಥಾನದಲ್ಲೆಲ್ಲ ಸೇರಿ 27,000ದಿಂದ 40,000 ಜನ ಸತ್ತಿರಬಹುದು ಅಂದಿತು. ಹೆಚ್ಚಿನವರು ಮುಸ್ಲಿಮರು. ವರದಿ ದಶಕಗಟ್ಟಲೆ ಹೊರಗೆ ಬರಲಿಲ್ಲ. ಎರಡನ್ನೂ ಹೇಳುವವರು ನಮ್ಮಲ್ಲಿ ಸಿಗೋದು ಕಷ್ಟ. ನಮ್ಮಜ್ಜಿ ಎರಡನ್ನೂ ಹೇಳುತ್ತಿದ್ದರು.

ಕಾಳುಮೆಣಸು

ಬ್ರಿಟಿಷರಿಗೆ ಇದು ಮೊದಲ ಸಲ ಏನಲ್ಲ ಅನ್ನೋದೂ ನೆನಪಿರಲಿ. 1920ರ ಕಾನೂನಿನಲ್ಲಿ ಐರ್ಲೆಂಡನ್ನು ಒಡೆದರು. ಉತ್ತರದ ಅಲ್‌ಸ್ಟರ್‌ನಲ್ಲಿ ಒಂಬತ್ತು ಕೌಂಟಿ (ಜಿಲ್ಲೆ), ಒಂಬತ್ತನ್ನೂ ಇಟ್ಟುಕೊಂಡರೆ ಪ್ರಾಟೆಸ್ಟಂಟರ ಬಹುಮತ ತೆಳು. ಅದಕ್ಕೆ ಆರು ಆರಿಸಿಕೊಂಡರು. ಆ ಆರರಲ್ಲೂ ಫರ್ಮಾನಾ, ಟೈರೋನ್ ಎರಡರಲ್ಲಿ ಕ್ಯಾಥೊಲಿಕರೇ ಜಾಸ್ತಿ. ಮೊದಲು ಬಹುಮತ ಬೇಕು ಅಂತ ತೀರ್ಮಾನ, ಆಮೇಲೆ ಅದಕ್ಕೆ ಸರಿಹೋಗುವ ಗೆರೆ. 1947ರ ನವೆಂಬರ್‌ನಲ್ಲಿ ಪ್ಯಾಲೆಸ್ಟೈನ್ ಒಡೆಯುವ ಪ್ರಸ್ತಾಪ ವಿಶ್ವಸಂಸ್ಥೆಗೆ ಬಂದಾಗ ಭಾರತವೂ ವಿರುದ್ಧ ಓಟು ಹಾಕಿತು, ಪಾಕಿಸ್ತಾನವೂ ಹಾಕಿತು.

ಪಿಯು_ಮೇಷ್ಟ್ರು

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕ್ಲಾಸಿನಲ್ಲಿ ಏನಾಯಿತು ಅಂತ ಹೇಳಿಬಿಡುತ್ತೇನೆ.

ಪಂಜಾಬಿನ 29 ಜಿಲ್ಲೆಯ ಖಾಲಿ ನಕ್ಷೆ ಜೆರಾಕ್ಸ್ ಮಾಡಿಸಿಕೊಂಡು ಹೋದೆ. ಯಾವ ಜಿಲ್ಲೆಯಲ್ಲಿ ಯಾರು ಜಾಸ್ತಿ ಅಂತ ಬೋರ್ಡಿನ ಮೇಲೆ ಬರೆದೆ. ಹಳೇ_ನಕ್ಷೆ ಅವರು ಹೇಳಿದ ಸೂಚನೆ ಹಾಗೇ ಓದಿದೆ, ‘ಇತರ ಅಂಶ’ ಸಮೇತ. ಮೂವತ್ತು ನಿಮಿಷ, ಗೆರೆ ಎಳೆಯಿರಿ ಅಂದೆ. ಮೊದಲು ಖುಷಿಯಲ್ಲೇ ಶುರು ಮಾಡಿದರು. ಹತ್ತು ನಿಮಿಷಕ್ಕೆ ಜಗಳ. ಅಮೃತಸರದ ಎರಡೂ ಕಡೆ ಪಾಕಿಸ್ತಾನ ಬಂದು ಕೂತರೆ ಹೇಗೆ ಅಂತ ಒಬ್ಬ. ಲಾಹೋರ್‌ನಲ್ಲಿ ಅಂಗಡಿ, ಬ್ಯಾಂಕು ಎಲ್ಲ ಹಿಂದೂಗಳದ್ದು ಅಂದರಲ್ಲ ಸರ್, ಅದು ‘ಇತರ ಅಂಶ’ ಅಲ್ವಾ ಅಂತ ಇನ್ನೊಬ್ಬ. ನಲವತ್ತೆರಡು ಹಾಳೆ ವಾಪಸ್ ಬಂದವು, ಒಂದರ ಹಾಗೆ ಇನ್ನೊಂದು ಇಲ್ಲ.

ಆ ಹುಡುಗಿಯ ಹಾಳೆಯಲ್ಲಿ ಗೆರೆಯೇ ಇರಲಿಲ್ಲ. ಯಾಕಮ್ಮಾ ಅಂದೆ. ನಕ್ಷೆಯಲ್ಲಿ ಸಣ್ಣದಾಗಿ ಕಾಲುವೆಗಳ ಗುರುತಿತ್ತು, ನಾನು ಗಮನಿಸಿರಲಿಲ್ಲ. ‘ಸರ್, ನೀರು ಬಿಡೋ ಜಾಗ ಈ ಕಡೆ ಬರುತ್ತೆ, ಗದ್ದೆ ಆ ಕಡೆ ಉಳಿಯುತ್ತೆ. ಎಲ್ಲಿ ಎಳೆದರೂ ಹಾಗೇ ಆಗ್ತಿದೆ’ ಅಂದಳು.

ಹಳೇ_ನಕ್ಷೆ

ಫಿರೋಜ್‌ಪುರದ ಹೆಡ್‌ವರ್ಕ್ಸ್! ಸರಿಯಾಗಿ ಹಿಡಿದಿದ್ದಾಳೆ. ಆಗಸ್ಟ್ 8ಕ್ಕೆ ಪಂಜಾಬ್ ಗವರ್ನರ್‌ಗೆ ಹೋದ ಕರಡು ನಕ್ಷೆಯಲ್ಲಿ ಫಿರೋಜ್‌ಪುರ, ಜೀರಾ ತಹಸೀಲು ಪಾಕಿಸ್ತಾನದಲ್ಲಿದ್ದವು. ಕೊನೆಯ ತೀರ್ಪಿನಲ್ಲಿ ಭಾರತಕ್ಕೆ ಬಂದವು. ನಡುವೆ ಏನಾಯಿತು ಅಂತ ಇವತ್ತಿಗೂ ಜಗಳ ನಿಂತಿಲ್ಲ. 1948ರ ಏಪ್ರಿಲ್ 1ಕ್ಕೆ ಈ ಕಡೆಯಿಂದ ನೀರು ನಿಲ್ಲಿಸಿದರು, ಆ ಕಡೆ ಬಿತ್ತನೆಯ ಕಾಲ. ಒಪ್ಪಂದ ಆಗಬೇಕಾದರೆ 1960 ಬಂತು.

ಅವಳಿಗೆ ತಹಸೀಲ್ ಮಟ್ಟದ ನಕ್ಷೆ ಕೊಡಿ ಮೇಷ್ಟ್ರೇ, ಜಿಲ್ಲೆಯದ್ದು ಸಾಲಲ್ಲ.

ಪಿಯು_ಮೇಷ್ಟ್ರು

ನನ್ನ ಹತ್ತಿರ ಇಲ್ಲ. 1941ರ ತಹಸೀಲ್ ಲೆಕ್ಕ ಯಾರ ಹತ್ತಿರವಾದರೂ ಇದ್ದರೆ ಹಾಕಿ. ಸೋಮವಾರ ಮೊದಲ ಪೀರಿಯಡ್ ಅವರದೇ.